ಸಕ್ಕರೆ ಕಾಯಿಲೆಗೆ ಹುಡುಕಿದ ಎಲೆ

ಕಾಶಿಕಣಗಿಲೆಗೆ ನಮ್ಮ ಕಡೆ ಯಾರೂ ನೀರು ಹಾಕಿ ಬೆಳೆಸುವುದಿಲ್ಲ. ರಾಣೆಬೆನ್ನೂರು ತಾಲ್ಲೂಕಿನ ಮೇಡ್ಲೇರಿಯಲ್ಲಿ ಅದು ಹಿತ್ತಲ ಗೋಡೆಯ ಸಂದಿಯಲ್ಲೂ ಬೆಳೆಯುತ್ತದೆ, ಬಚ್ಚಲ ನೀರು ಹರಿಯುವ ಕಾಲುವೆಯ ಪಕ್ಕದಲ್ಲೂ ಬೆಳೆಯುತ್ತದೆ. ದನ ಬಾಯಿ ಹಾಕುವುದಿಲ್ಲ, ಬಿಸಿಲಿಗೆ ಬಾಡುವುದಿಲ್ಲ, ವರ್ಷವಿಡೀ ಹೂ ಬಿಡುತ್ತದೆ. ಅದಕ್ಕೇ ನಿತ್ಯಪುಷ್ಪ, ಸದಾಪುಷ್ಪ ಎಂಬ ಹೆಸರುಗಳೂ ಅದಕ್ಕಿವೆ. ದೇವರಿಗೆ ಏರಿಸುವವರು ಏರಿಸುತ್ತಾರೆ, ಉಳಿದವರು ಅದನ್ನು ನೋಡಿಯೂ ನೋಡದಂತೆ ಹೋಗುತ್ತಾರೆ. ಇತ್ತೀಚಿನ ವರ್ಷಗಳಲ್ಲಿ ಮಾತ್ರ ಅದಕ್ಕೊಂದು ಹೊಸ ಮರ್ಯಾದೆ ಬಂದಿದೆ. ಶುಗರ್ ಬಂದವರು ಬೆಳಿಗ್ಗೆ ಎದ್ದು ಬರಿಹೊಟ್ಟೆಯಲ್ಲಿ ಅದರ ಎಲೆ ಅಗಿಯುತ್ತಾರೆ.

ನಾನು ರಸಾಯನಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುತ್ತಿರುವುದರಿಂದ ಊರಿಗೆ ಹೋದಾಗಲೆಲ್ಲ ಎರಡು ಪ್ರಶ್ನೆಗಳಿಗೆ ಉತ್ತರ ಹೇಳಬೇಕಾಗುತ್ತದೆ. ಮೊದಲನೆಯದು, ‘ಈ ಎಲಿ ತಿಂದ್ರ ಶುಗರ್ ಇಳಿತೈತೇನು?’ ಎರಡನೆಯದನ್ನು ಸ್ವಲ್ಪ ದನಿ ತಗ್ಗಿಸಿ ಕೇಳುತ್ತಾರೆ. ‘ಸಕ್ಕರಿ ತಿಂದ್ರ ಕ್ಯಾನ್ಸರ್ ಬೆಳಿತೈತಂತಲ್ಲ, ಖರೇನೋ ಸುಳ್ಳೋ?’ ಎರಡೂ ಬೇರೆ ಬೇರೆ ಪ್ರಶ್ನೆಗಳಂತೆ ಕಾಣುತ್ತವೆ. ಆದರೆ ಕಳೆದ ನೂರು ವರ್ಷಗಳ ಔಷಧ ಚರಿತ್ರೆಯನ್ನು ಓದುತ್ತ ಹೋದರೆ ಸಕ್ಕರೆ ಮತ್ತು ಅರ್ಬುದ ಎರಡು ಕಡೆ ಸಂಧಿಸುತ್ತವೆ. ಒಂದು, ಈ ಹೂವಿನ ಕಥೆಯಲ್ಲಿ. ಇನ್ನೊಂದು, ಸಕ್ಕರೆಯ ಅಣುವಿನ ಕಥೆಯಲ್ಲಿ. ಈ ಲೇಖನದಲ್ಲಿ ಆ ಎರಡೂ ಕಥೆಗಳನ್ನು ಹೇಳಬೇಕೆಂದಿದ್ದೇನೆ.

ಕಾಶಿಕಣಗಿಲೆಯ ಹೆಸರಲ್ಲಿ ಕಾಶಿ ಇದ್ದರೂ ಅದರ ತವರು ಮಡಗಾಸ್ಕರ್. ಹಡಗುಗಳ ಜೊತೆ ಅದು ಉಷ್ಣವಲಯದ ದೇಶಗಳಿಗೆಲ್ಲ ಹರಡಿತು. ಹೋದಲ್ಲೆಲ್ಲ ಅಲ್ಲಿಯ ಜನ ಅದನ್ನು ಒಂದಿಲ್ಲೊಂದು ಮದ್ದಾಗಿ ಬಳಸಿದರು. ವೆಸ್ಟ್ ಇಂಡೀಸಿನ ಜಮೈಕಾದಲ್ಲಿ ಇದರ ಎಲೆಯ ಕಷಾಯವನ್ನು ಸಕ್ಕರೆ ಕಾಯಿಲೆಗೆ ಕುಡಿಯುತ್ತಿದ್ದರು. 1952ರಲ್ಲಿ ಅಲ್ಲಿಂದ ಕೆನಡಾದ ವೈದ್ಯ ಕ್ಲಾರ್ಕ್ ನೋಬಲ್ ಅವರಿಗೆ ಒಂದು ಲಕೋಟೆ ಬಂತು. ಒಳಗೆ ಈ ಗಿಡದ ಇಪ್ಪತ್ತೈದು ಎಲೆಗಳಿದ್ದವು. ಇನ್ಸುಲಿನ್ ಸಿಗದಾಗ ಇಲ್ಲಿಯ ಜನ ಇದನ್ನು ಬಳಸುತ್ತಾರೆ, ಇದರಲ್ಲಿ ಏನಿದೆ ನೋಡಿ ಎಂಬುದು ಕಳಿಸಿದವರ ಕೋರಿಕೆ.

ಈ ಕ್ಲಾರ್ಕ್ ನೋಬಲ್ ಯಾರೆಂಬುದೇ ಒಂದು ಸ್ವಾರಸ್ಯ. 1921ರ ಬೇಸಿಗೆಯಲ್ಲಿ ಟೊರಾಂಟೊದಲ್ಲಿ ಫ್ರೆಡರಿಕ್ ಬ್ಯಾಂಟಿಂಗ್ ಇನ್ಸುಲಿನ್ ಹುಡುಕಲು ಹೊರಟಾಗ ಸಹಾಯಕ್ಕೆಂದು ಇಬ್ಬರು ವಿದ್ಯಾರ್ಥಿಗಳನ್ನು ಕೊಟ್ಟಿದ್ದರು. ಮೊದಲು ಯಾರು ಕೆಲಸ ಮಾಡಬೇಕೆಂದು ಆ ಇಬ್ಬರೂ ನಾಣ್ಯ ಚಿಮ್ಮಿದರು. ಗೆದ್ದವನು ಚಾರ್ಲ್ಸ್ ಬೆಸ್ಟ್. ಇನ್ಸುಲಿನ್ ಜೊತೆ ಇಂದಿಗೂ ಅವನ ಹೆಸರಿದೆ. ಸೋತವನು ಕ್ಲಾರ್ಕ್ ನೋಬಲ್. ಮೂವತ್ತು ವರ್ಷಗಳ ಮೇಲೆ ಸಕ್ಕರೆ ಕಾಯಿಲೆಯದೇ ಮದ್ದು ಎಂಬ ಹೆಸರಿನಲ್ಲಿ ಇನ್ನೊಂದು ಅವಕಾಶ ಅವನ ಮನೆಬಾಗಿಲಿಗೆ ಬಂತು. ಅವನು ಆ ಲಕೋಟೆಯನ್ನು ವೆಸ್ಟರ್ನ್ ಒಂಟಾರಿಯೊ ವಿಶ್ವವಿದ್ಯಾಲಯದಲ್ಲಿ ಸಂಶೋಧಕನಾಗಿದ್ದ ತಮ್ಮ ರಾಬರ್ಟ್ ನೋಬಲ್‌ಗೆ ದಾಟಿಸಿದ.

ರಾಬರ್ಟ್ ಎಲೆಯ ಸಾರವನ್ನು ಇಲಿಗಳಿಗೆ ಕುಡಿಸಿ ನೋಡಿದ. ರಕ್ತದ ಸಕ್ಕರೆ ಇಳಿಯಲಿಲ್ಲ. ಸೂಜಿಯಿಂದ ಚುಚ್ಚಿ ನೋಡಿದ. ಆಗಲೂ ಸಕ್ಕರೆ ಇಳಿಯಲಿಲ್ಲ, ಆದರೆ ಇಲಿಗಳು ಸೋಂಕು ತಗುಲಿ ಕೀವಾಗಿ ಸತ್ತವು. ಬೇರೆ ಯಾರಾದರೂ ಆಗಿದ್ದರೆ ಪ್ರಯೋಗ ಕೆಟ್ಟಿತೆಂದು ಎಲೆಗಳನ್ನು ಎಸೆದು ಕೈತೊಳೆದುಕೊಳ್ಳುತ್ತಿದ್ದರೇನೋ. ರಾಬರ್ಟ್ ಇಲಿಗಳು ಯಾಕೆ ಸತ್ತವು ಎಂದು ಕೇಳಿಕೊಂಡ. ಅವುಗಳ ರಕ್ತದಲ್ಲಿ ಬಿಳಿ ಕಣಗಳು ತೀರಾ ಕಡಿಮೆಯಾಗಿದ್ದವು, ಮೂಳೆಯೊಳಗಿನ ಮಜ್ಜೆ ಸೊರಗಿತ್ತು. ರೋಗ ತಡೆಯುವ ಕಣಗಳೇ ಇಲ್ಲದಾಗ ಸಾಮಾನ್ಯ ಸೋಂಕೂ ಇಲಿಯನ್ನು ಕೊಂದಿತ್ತು. ಬಿಳಿ ರಕ್ತಕಣ ಅತಿಯಾಗಿ ಹುಟ್ಟುವುದೇ ರಕ್ತದ ಕ್ಯಾನ್ಸರಿನ ಲಕ್ಷಣ. ಹಾಗಿದ್ದರೆ ಬಿಳಿ ಕಣಗಳನ್ನು ಇಳಿಸುವ ಈ ವಿಷ ಅಲ್ಲಿ ಮದ್ದಾಗಬಹುದಲ್ಲ?

1954ರಲ್ಲಿ ಚಾರ್ಲ್ಸ್ ಬಿಯರ್ ಎಂಬ ರಸಾಯನಶಾಸ್ತ್ರಜ್ಞ ರಾಬರ್ಟ್ ಜೊತೆ ಸೇರಿದ. ಎಲೆಯಲ್ಲಿ ಹತ್ತಾರು ಬಗೆಯ ಆಲ್ಕಲಾಯ್ಡ್‌ಗಳಿದ್ದವು. ಅವುಗಳ ನಡುವಿಂದ ಕೆಲಸ ಮಾಡುವ ಒಂದನ್ನು ಶುದ್ಧವಾಗಿ ಬೇರ್ಪಡಿಸುವುದು ಬಣವೆಯಲ್ಲಿ ಸಾಸಿವೆ ಆರಿಸಿದಂಥ ಕೆಲಸ. 1958ರಲ್ಲಿ ಅವರು ಅದನ್ನು ಲೋಕಕ್ಕೆ ತಿಳಿಸಿದರು. ಅದೇ ಇಂದಿನ ವಿನ್‌ಬ್ಲಾಸ್ಟಿನ್. ಅದೇ ಕಾಲಕ್ಕೆ ಅಮೆರಿಕದ ಎಲಿ ಲಿಲ್ಲಿ ಕಂಪನಿಯಲ್ಲಿ ಗಾರ್ಡನ್ ಸ್ವೊಬೊಡ ಕೂಡ ಇದೇ ಗಿಡದ ಮೇಲೆ ಕೆಲಸ ಮಾಡುತ್ತಿದ್ದ. ಅವನ ಕೈಯಿಂದ ಅದರ ತಂಗಿಯಂಥ ಇನ್ನೊಂದು ಅಣು, ವಿನ್‌ಕ್ರಿಸ್ಟಿನ್, ಹೊರಬಂತು. ಅಮೆರಿಕದಲ್ಲಿ ಮೊದಲನೆಯದಕ್ಕೆ 1961ರಲ್ಲಿ, ಎರಡನೆಯದಕ್ಕೆ 1963ರಲ್ಲಿ ಪರವಾನಗಿ ಸಿಕ್ಕಿತು.

ಈ ಅಣುಗಳು ಮಾಡುವ ಕೆಲಸ ಸರಳ. ಒಂದು ಜೀವಕೋಶ ಎರಡಾಗುವಾಗ ಅದರೊಳಗೆ ಸೂಕ್ಷ್ಮ ಎಳೆಗಳ ಒಂದು ಮಗ್ಗ ಕಟ್ಟಿಕೊಳ್ಳುತ್ತದೆ. ಆ ಎಳೆಗಳೇ ವರ್ಣತಂತುಗಳನ್ನು ಎರಡು ಪಾಲಾಗಿ ಎಳೆದುಕೊಳ್ಳುವುದು. ಎಳೆಗಳು ಟ್ಯೂಬ್ಯುಲಿನ್ ಎಂಬ ಪ್ರೋಟೀನಿನಿಂದ ಆಗುತ್ತವೆ. ಕಾಶಿಕಣಗಿಲೆಯ ಅಣು ಟ್ಯೂಬ್ಯುಲಿನ್‌ಗೆ ಅಂಟಿಕೊಂಡು ಎಳೆ ಕಟ್ಟದಂತೆ ಮಾಡುತ್ತದೆ. ಮಗ್ಗವಿಲ್ಲದೆ ಜೀವಕೋಶ ಅರ್ಧಕ್ಕೇ ನಿಂತು ಸಾಯುತ್ತದೆ. ವೇಗವಾಗಿ ಒಡೆಯುವ ಕ್ಯಾನ್ಸರ್ ಕೋಶಗಳಿಗೆ ಏಟು ಮೊದಲು ಬೀಳುತ್ತದೆ. ಆದರೆ ಟ್ಯೂಬ್ಯುಲಿನ್ ಎಲ್ಲ ಕೋಶಗಳಲ್ಲೂ ಇರುವುದರಿಂದ ನರಗಳಿಗೂ ಮಜ್ಜೆಗೂ ಬಿಸಿ ತಟ್ಟುತ್ತದೆ. ಈ ಚಿಕಿತ್ಸೆ ಪಡೆದವರ ಬೆರಳ ತುದಿ ಜೋಮು ಹಿಡಿಯುವುದು ಇದರಿಂದಲೇ.

1950ರ ದಶಕದಲ್ಲಿ ರಕ್ತದ ಕ್ಯಾನ್ಸರ್ ಬಂದ ಮಗು ಎಂದರೆ ತಿಂಗಳುಗಳ ಲೆಕ್ಕ. ಇಂದು ಶ್ರೀಮಂತ ದೇಶಗಳಲ್ಲಿ ಮಕ್ಕಳಲ್ಲಿ ಹೆಚ್ಚು ಕಾಣುವ ಬಗೆಯ ರಕ್ತದ ಕ್ಯಾನ್ಸರ್ ಬಂದ 100 ಮಕ್ಕಳಲ್ಲಿ ಸುಮಾರು 90 ಮಕ್ಕಳು ಬದುಕುತ್ತಾರೆ. ಬೆಂಗಳೂರಿನ ಕಿದ್ವಾಯಿಯಲ್ಲಾಗಲಿ ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಯಲ್ಲಾಗಲಿ ಈ ಮಕ್ಕಳ ಚಿಕಿತ್ಸೆ ವಿನ್‌ಕ್ರಿಸ್ಟಿನ್ ಇಲ್ಲದೆ ನಡೆಯುವುದಿಲ್ಲ. ಒಂದು ಗ್ರಾಂ ವಿನ್‌ಕ್ರಿಸ್ಟಿನ್ ತೆಗೆಯಲು ನೂರಾರು ಕಿಲೋ ಒಣ ಎಲೆ ಬೇಕು. ಅದಕ್ಕಾಗಿ ತಮಿಳುನಾಡು, ಕರ್ನಾಟಕದ ಒಣಭೂಮಿಗಳಲ್ಲೂ ರೈತರು ಇದನ್ನು ಬೆಳೆಯಾಗಿ ಬೆಳೆದಿದ್ದಾರೆ.

ಊರಿನ ಮೊದಲ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ರಾಬರ್ಟ್ ನೋಬಲ್‌ನ ಇಲಿಗಳ ಸಕ್ಕರೆ ಇಳಿಯಲಿಲ್ಲ, ಬಿಳಿ ಕಣಗಳು ಇಳಿದವು. ಒಂದು ಎಲೆಯಲ್ಲಿ ಆ ಅಣುವಿನ ಪ್ರಮಾಣ ತೀರಾ ಕಡಿಮೆ, ನಿಜ. ಆದರೆ ಯಾವ ಗಿಡದಲ್ಲಿ ಎಷ್ಟಿದೆ ಎಂದು ತೂಗಿ ನೋಡುವವರು ಯಾರು? ಆಸ್ಪತ್ರೆಯಲ್ಲಿ ಇದೇ ಅಣುವನ್ನು ಮೈಯ ಅಳತೆ ಲೆಕ್ಕಹಾಕಿ ಮಿಲಿಗ್ರಾಂಗಳಲ್ಲಿ ಕೊಡುತ್ತಾರೆ, ರಕ್ತ ಪರೀಕ್ಷೆ ಮಾಡಿಸಿಯೇ ಮುಂದಿನ ಸೂಜಿ ಚುಚ್ಚುತ್ತಾರೆ. ಹಿತ್ತಲಲ್ಲಿ ಅಗಿಯುವವರಿಗೆ ಆ ಕಾವಲಿಲ್ಲ. ‘ಗಿಡದ್ದು ಅಲ್ಲೇನು, ಏನೂ ಆಗಂಗಿಲ್ಲ’ ಎನ್ನುವ ಮಾತನ್ನು ಈ ಚರಿತ್ರೆ ಒಪ್ಪುವುದಿಲ್ಲ. ಆ ಎಲೆಗೆ ವಿಷದ ಶಕ್ತಿ ಇದ್ದದ್ದರಿಂದಲೇ ಅದು ಮದ್ದಾದದ್ದು.

ಎರಡನೆಯ ಪ್ರಶ್ನೆಗೆ ಬರಲು ಇನ್ನೊಬ್ಬರ ಮೂಲಕ ಹಾದುಬರಬೇಕು. ಆಂಧ್ರದ ಭೀಮಾವರಂನಲ್ಲಿ 1895ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರು. ಅಮೆರಿಕದ ಲೆಡರ್ಲಿ ಪ್ರಯೋಗಾಲಯದಲ್ಲಿ ಅವರ ತಂಡ ಫೋಲಿಕ್ ಆಮ್ಲ ಎಂಬ ವಿಟಮಿನ್ನನ್ನು ತಯಾರಿಸಿತು. ಜೀವಕೋಶ ಬೆಳೆಯಲು ಫೋಲಿಕ್ ಆಮ್ಲ ಬೇಕು. ಆಮೇಲೆ ಅವರು ನೋಡಲು ಅದೇ ರೀತಿ ಇರುವ, ಆದರೆ ಕೆಲಸಕ್ಕೆ ಬಾರದ ಸುಳ್ಳು ಫೋಲಿಕ್ ಆಮ್ಲಗಳನ್ನೂ ತಯಾರಿಸಿಕೊಟ್ಟರು. ಬಾಸ್ಟನ್ನಿನ ಸಿಡ್ನಿ ಫಾರ್ಬರ್ ಅಂಥ ಒಂದನ್ನು ರಕ್ತದ ಕ್ಯಾನ್ಸರ್ ಇದ್ದ 16 ಮಕ್ಕಳಿಗೆ ಕೊಟ್ಟಾಗ 10 ಮಕ್ಕಳಲ್ಲಿ ರೋಗ ತಾತ್ಕಾಲಿಕವಾಗಿ ಹಿಮ್ಮೆಟ್ಟಿತು. ಆ ವರದಿ ಬಂದದ್ದು 1948ರ ಜೂನ್‌ನಲ್ಲಿ. ಅದೇ ವರ್ಷ ಸುಬ್ಬರಾವ್ ತೀರಿಕೊಂಡರು. ಅವರ ತಂಡದ ಇನ್ನೊಂದು ಸುಳ್ಳು ವಿಟಮಿನ್ ಮೆಥೊಟ್ರೆಕ್ಸೇಟ್ ಇಂದಿಗೂ ಆಸ್ಪತ್ರೆಗಳಲ್ಲಿದೆ. ಅವರು ಕೊಟ್ಟ ದೊಡ್ಡ ಪಾಠ ಇಷ್ಟು: ಕ್ಯಾನ್ಸರ್ ಕೋಶಕ್ಕೆ ಹಸಿವಾದಾಗ ಅದಕ್ಕೆ ಬೇಕಾದುದರ ವೇಷ ಹಾಕಿದ ಬೇರೊಂದನ್ನು ಉಣಿಸು.

ಕ್ಯಾನ್ಸರ್ ಕೋಶಕ್ಕೆ ಅತಿ ಹೆಚ್ಚು ಹಸಿವಿರುವುದು ಗ್ಲೂಕೋಸಿಗೆ. ಇದನ್ನು 1920ರ ದಶಕದಲ್ಲೇ ಜರ್ಮನಿಯ ಓಟ್ಟೊ ವಾರ್ಬರ್ಗ್ ಕಂಡಿದ್ದ. ಮಾಮೂಲಿ ಕೋಶ ಆಮ್ಲಜನಕ ಬಳಸಿ ಸ್ವಲ್ಪ ಗ್ಲೂಕೋಸಿನಿಂದ ಬಹಳ ಶಕ್ತಿ ತೆಗೆಯುತ್ತದೆ. ಗಡ್ಡೆಯ ಕೋಶ ಆಮ್ಲಜನಕ ಇದ್ದರೂ ಅವಸರದಲ್ಲಿ ಗ್ಲೂಕೋಸನ್ನು ಅರ್ಧಂಬರ್ಧ ಒಡೆದು ಎಸೆಯುತ್ತದೆ, ಹಾಗಾಗಿ ಅದಕ್ಕೆ ಹೆಚ್ಚು ಹೆಚ್ಚು ಬೇಕು. ಸಾಮಾನ್ಯ ಜನರ ಬಾಯಲ್ಲಿ ‘ಸಕ್ಕರೆ ತಿಂದರೆ ಕ್ಯಾನ್ಸರ್ ಬೆಳೆಯುತ್ತದೆ’ ಎಂದಾಗಿರುವ ಮಾತಿನ ಬೇರು ಇಲ್ಲಿದೆ.

ಈ ಹಸಿವನ್ನು ವಿಜ್ಞಾನಿಗಳು ಎರಡು ರೀತಿ ಬಳಸಿಕೊಂಡರು. ಒಂದು, ಗಡ್ಡೆ ಎಲ್ಲಿದೆ ಎಂದು ಪತ್ತೆ ಮಾಡಲು. ಗ್ಲೂಕೋಸಿನಂಥ ಅಣುವಿಗೆ ವಿಕಿರಣ ಸೂಸುವ ಫ್ಲೋರಿನ್ ಅಂಟಿಸಿ ರಕ್ತಕ್ಕೆ ಬಿಟ್ಟರೆ ಗಡ್ಡೆ ಅದನ್ನು ಹೀರಿಕೊಂಡು ಚಿತ್ರದಲ್ಲಿ ದೀಪದಂತೆ ಹೊಳೆಯುತ್ತದೆ. ಮನುಷ್ಯರ ಮೇಲೆ ಈ ಅಣುವನ್ನು ಮೊದಲು ಬಳಸಿದ್ದು 1976ರಲ್ಲಿ, ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ. ಇಂದು ಪೆಟ್ ಸ್ಕ್ಯಾನ್‌ಗೆ ಮುಂಚೆ ಉಪವಾಸ ಇರಲು ಹೇಳುವುದು, ಮಾಮೂಲಿ ಗ್ಲೂಕೋಸ್ ಈ ಗುರುತಿನ ಗ್ಲೂಕೋಸಿಗೆ ಪೈಪೋಟಿ ಕೊಡಬಾರದು ಎಂಬ ಕಾರಣಕ್ಕೆ.

ಎರಡನೆಯದು, ಗಡ್ಡೆಯನ್ನು ಮೋಸಗೊಳಿಸಲು. ಗ್ಲೂಕೋಸಿನ ಎರಡನೆಯ ಇಂಗಾಲದ ಮೇಲಿರುವ ಆಮ್ಲಜನಕವನ್ನು ತೆಗೆದುಬಿಟ್ಟರೆ 2-ಡಿಆಕ್ಸಿ ಗ್ಲೂಕೋಸ್ ಆಗುತ್ತದೆ. ಕೋಶ ಇದನ್ನು ಸಕ್ಕರೆ ಎಂದೇ ಒಳಗೆ ಬಿಟ್ಟುಕೊಳ್ಳುತ್ತದೆ, ಮೊದಲ ಹೆಜ್ಜೆಯಲ್ಲಿ ಒಂದು ಫಾಸ್ಫೇಟನ್ನೂ ಅಂಟಿಸುತ್ತದೆ. ಅಲ್ಲಿಂದ ಮುಂದೆ ಒಡೆಯಲು ಬರುವುದಿಲ್ಲ, ಹೊರಗೆ ಕಳಿಸಲೂ ಆಗುವುದಿಲ್ಲ. ಈ ಸುಳ್ಳು ಸಕ್ಕರೆಯ ಚರಿತ್ರೆಯಲ್ಲಿ ಬೆಂಗಳೂರಿಗೂ ಪಾಲಿದೆ ಎಂಬುದು ನಮ್ಮ ವಿದ್ಯಾರ್ಥಿಗಳಿಗೇ ಹೆಚ್ಚು ಗೊತ್ತಿಲ್ಲ. ದೆಹಲಿಯ ರಕ್ಷಣಾ ಸಂಶೋಧನಾ ಸಂಸ್ಥೆ ಇನ್ಮಾಸ್‌ನಲ್ಲಿ ವಿನಯ್ ಜೈನ್ ಅವರ ತಂಡ ಈ ಅಣುವಿನ ಮೇಲೆ ಬಹುಕಾಲ ಕೆಲಸ ಮಾಡಿತ್ತು. ವಿಕಿರಣ ಚಿಕಿತ್ಸೆಯಿಂದ ಪೆಟ್ಟು ತಿಂದ ಗಡ್ಡೆಯ ಕೋಶ ತನ್ನನ್ನು ತಾನು ರಿಪೇರಿ ಮಾಡಿಕೊಳ್ಳಲು ಶಕ್ತಿ ಬೇಕು. ಆ ಹೊತ್ತಿಗೆ ಸುಳ್ಳು ಸಕ್ಕರೆ ಕೊಟ್ಟರೆ ರಿಪೇರಿ ನಿಲ್ಲುತ್ತದೆ ಎಂಬುದು ಅವರ ತರ್ಕ. ದೆಹಲಿಯವರ ಜೊತೆ ನಿಮ್ಹಾನ್ಸ್ ಮತ್ತು ಕಿದ್ವಾಯಿಯ ವೈದ್ಯರೂ ಸೇರಿ ಮಿದುಳಿನ ಗಡ್ಡೆಯಿದ್ದ 20 ರೋಗಿಗಳ ಮೇಲೆ ಇದನ್ನು ಪರೀಕ್ಷಿಸಿದರು. ರೋಗಿಗಳು ರಾತ್ರಿಯೆಲ್ಲ ಉಪವಾಸವಿದ್ದು ಬೆಳಿಗ್ಗೆ ಈ ಸಕ್ಕರೆಯ ದ್ರಾವಣ ಕುಡಿದು ವಿಕಿರಣಕ್ಕೆ ಹೋಗುತ್ತಿದ್ದರು. 1996ರಲ್ಲಿ ಪ್ರಕಟವಾದ ವರದಿ ರೋಗಿಗಳು ಇದನ್ನು ತಡೆದುಕೊಂಡರು ಎಂದು ಹೇಳಿತು. ಅಲ್ಲಿಂದಾಚೆಗೂ ಇದು ಕ್ಯಾನ್ಸರಿನ ಮಾಮೂಲಿ ಔಷಧವಾಗಲಿಲ್ಲ. 2021ರ ಮೇ ತಿಂಗಳಲ್ಲಿ ಕೋವಿಡ್ ಎರಡನೆಯ ಅಲೆಯ ನಡುವೆ ‘2-ಡಿಜಿ’ ಎಂಬ ಪುಡಿಯ ಪೊಟ್ಟಣಕ್ಕೆ ತುರ್ತು ಅನುಮತಿ ಸಿಕ್ಕಿದ ಸುದ್ದಿ ಟಿವಿಯಲ್ಲಿ ಬಂದದ್ದು ನಿಮಗೆ ನೆನಪಿರಬಹುದು. ಅದು ಇದೇ ಸುಳ್ಳು ಸಕ್ಕರೆ.

ಈಗ ಎರಡನೆಯ ಪ್ರಶ್ನೆಗೆ ನೇರ ಉತ್ತರ. ಗಡ್ಡೆ ಗ್ಲೂಕೋಸ್ ತಿನ್ನುತ್ತದೆ, ನಿಜ. ಆದರೆ ನಾವು ಚಹಾಕ್ಕೆ ಸಕ್ಕರೆ ಬಿಟ್ಟರೆ ಗಡ್ಡೆ ಹಸಿದು ಸಾಯುತ್ತದೆ ಎನ್ನುವುದು ನಿಜವಲ್ಲ. ರೊಟ್ಟಿಯಲ್ಲಿ, ಅನ್ನದಲ್ಲಿ, ಬಾಳೆಹಣ್ಣಿನಲ್ಲಿ ಎಲ್ಲ ಕಡೆ ಗ್ಲೂಕೋಸ್ ಇದೆ. ಏನೂ ತಿನ್ನದಿದ್ದರೂ ಯಕೃತ್ತು ಮೈಯೊಳಗಿನ ಪ್ರೋಟೀನ್ ಕರಗಿಸಿಯಾದರೂ ಗ್ಲೂಕೋಸ್ ತಯಾರಿಸಿ ರಕ್ತಕ್ಕೆ ಬಿಡುತ್ತದೆ, ಏಕೆಂದರೆ ಮಿದುಳಿಗೂ ಅದೇ ಬೇಕು. ಇದು ಪುಸ್ತಕದ ಚರ್ಚೆಯಲ್ಲ. ಕೀಮೋ ಹಾಕಿಸಿಕೊಂಡು ಊರಿಗೆ ಬಂದವರಿಗೆ ಮೊದಲೇ ಬಾಯಿ ರುಚಿ ಇರುವುದಿಲ್ಲ, ವಾಂತಿ ನಿಲ್ಲುವುದಿಲ್ಲ. ಅಂಥವರ ಕೈಯಿಂದ ಮನೆಯವರೇ ಪ್ರೀತಿಯಿಂದ ಹಾಲು, ಹಣ್ಣು, ಅನ್ನ ಕಸಿದುಕೊಳ್ಳುವುದನ್ನು ನಾನು ನೋಡಿದ್ದೇನೆ. ತೂಕ ಇಳಿದವರಿಗೆ ಮುಂದಿನ ಕೀಮೋ ತಡೆದುಕೊಳ್ಳುವ ತ್ರಾಣ ಇರುವುದಿಲ್ಲ. ವಾರ್ಬರ್ಗ್ ಪ್ರಯೋಗಾಲಯದಲ್ಲಿ ಕಂಡ ಸತ್ಯ ನಮ್ಮ ಪಡಸಾಲೆಗೆ ಬರುವಷ್ಟರಲ್ಲಿ ರೋಗಿಯನ್ನು ಉಪವಾಸ ಕೆಡವುವ ನಂಬಿಕೆಯಾಗಿದೆ.

ಹಾಗಾದರೆ ಸಕ್ಕರೆಯ ಬಗ್ಗೆ ಎಚ್ಚರವೇ ಬೇಡವೇ? ಬೇಕು. ಅದರ ಕಾರಣ ಮಾತ್ರ ಬೇರೆ. 1981ರಲ್ಲಿ ಟೊರಾಂಟೊದ ಡೇವಿಡ್ ಜೆಂಕಿನ್ಸ್ ಮತ್ತು ಸಂಗಡಿಗರು ಬೇರೆ ಬೇರೆ ಆಹಾರ ತಿಂದ ಮೇಲೆ ರಕ್ತದ ಸಕ್ಕರೆ ಎಷ್ಟು ಏರುತ್ತದೆ ಎಂದು ಅಳೆದು ಅಂಕಿ ಕೊಟ್ಟರು. ಗ್ಲೂಕೋಸಿಗೆ 100 ಎಂದಿಟ್ಟುಕೊಂಡರೆ ಉಳಿದುವು ಎಷ್ಟು ಎಂಬ ಲೆಕ್ಕ. ಇದೇ ಗ್ಲೈಸಿಮಿಕ್ ಸೂಚ್ಯಂಕ. ನಾವು ತಿನ್ನುವ ಸಕ್ಕರೆಯಲ್ಲಿ ಅರ್ಧ ಗ್ಲೂಕೋಸ್, ಅರ್ಧ ಫ್ರಕ್ಟೋಸ್ ಇರುವುದರಿಂದ ಅದರ ಅಂಕಿ 65ರ ಆಸುಪಾಸು. ಬೆಲ್ಲವೂ ಬಹುಪಾಲು ಅದೇ ಸಕ್ಕರೆ. ‘ಬೆಲ್ಲ ಹಾಕೀನಿ, ಶುಗರ್ ಏರಂಗಿಲ್ಲ’ ಎಂದು ಹೋಳಿಗೆ ಬಡಿಸುವವರಿಗೆ ಇದನ್ನು ಹೇಳಿ ಒಪ್ಪಿಸುವುದು ಪಿಎಚ್.ಡಿ. ಮುಗಿಸುವುದಕ್ಕಿಂತ ಕಷ್ಟ!

ಸಿಹಿ ಇರಬೇಕು, ರಕ್ತದ ಸಕ್ಕರೆ ಏರಬಾರದು ಎಂಬ ಆಸೆಯಿಂದ ಇನ್ನೊಂದು ಹುಡುಕಾಟ ಶುರುವಾಯಿತು. ಇಲ್ಲೂ ಸಿಕ್ಕಿದ್ದು ಹುಡುಕಿದ್ದಲ್ಲ. 1976ರಲ್ಲಿ ಮಂಗಳ ಗ್ರಹಕ್ಕೆ ಇಳಿದ ವೈಕಿಂಗ್ ನೌಕೆಯಲ್ಲಿ ಜೀವ ಪತ್ತೆಯ ಒಂದು ಪ್ರಯೋಗವನ್ನು ರೂಪಿಸಿದ್ದವರು ಗಿಲ್ಬರ್ಟ್ ಲೆವಿನ್. ಅಣುಗಳಿಗೆ ಎಡಗೈ ಬಲಗೈ ಇದ್ದಂತೆ ಎರಡು ರೂಪ ಇರುತ್ತವೆ. ನಮ್ಮ ಮೈ ಒಗ್ಗಿರುವುದು ಒಂದು ಕೈಯ ಸಕ್ಕರೆಗೆ. ಇನ್ನೊಂದು ಕೈಯ ಸಕ್ಕರೆ ಸಿಹಿಯಾಗಿದ್ದು ಜೀರ್ಣವಾಗದೆ ಹೋದರೆ ಎಷ್ಟು ಚೆಂದ ಎಂದು ಲೆವಿನ್ ಯೋಚಿಸಿದರು. ಅದನ್ನು ತಯಾರಿಸುವ ಖರ್ಚು ಕೈಗೆಟುಕುವಂತಿರಲಿಲ್ಲ. ಆದರೆ ಅಂಥದೇ ಆಕಾರದ ಟ್ಯಾಗಟೋಸ್ ಎಂಬ ಸಕ್ಕರೆಯನ್ನು ಹಾಲಿನ ಸಕ್ಕರೆಯಿಂದ ಮಾಡಬಹುದೆಂದು ಅವರಿಗೆ ಹೊಳೆಯಿತು. ಜಪಾನಿನ ಕಗಾವಾ ವಿಶ್ವವಿದ್ಯಾಲಯದಲ್ಲಿ ಕೆನ್ ಇಜುಮೊರಿ ಇನ್ನೊಂದು ದಾರಿ ಹಿಡಿದರು. ಫ್ರಕ್ಟೋಸಿನ ಮೂರನೆಯ ಇಂಗಾಲದ ಮೇಲಿನ ಒಂದು ಗುಂಪನ್ನು ಮಾತ್ರ ಈ ಪಕ್ಕದಿಂದ ಆ ಪಕ್ಕಕ್ಕೆ ತಿರುಗಿಸುವ ಕಿಣ್ವವನ್ನು ಅವರು ಸೂಕ್ಷ್ಮಜೀವಿಯಲ್ಲಿ ಕಂಡುಕೊಂಡರು. ಆಗ ಸಿಗುವುದು ಆಲ್ಯುಲೋಸ್. ಸಕ್ಕರೆಯ ಸುಮಾರು 70 ಪಾಲು ಸಿಹಿ, ಆದರೆ ಹೆಚ್ಚಿನಂಶ ಬಂದಂತೆಯೇ ಮೂತ್ರದಲ್ಲಿ ಹೊರಹೋಗುತ್ತದೆ.

ಈ ಎರಡೂ ಕಥೆಗಳು ಮತ್ತೆ ಒಂದಾಗುವ ಒಂದು ಪ್ರಯೋಗ 2018ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಿಂದ ಬಂತು. ಗ್ಲೂಕೋಸಿನ ಎರಡನೆಯ ಇಂಗಾಲದ ಮೇಲಿನ ಗುಂಪನ್ನು ತಿರುಗಿಸಿದರೆ ಆಗುವ ಮ್ಯಾನೋಸ್ ಎಂಬ ಸಕ್ಕರೆಯನ್ನು ಇಲಿಗಳ ಕುಡಿಯುವ ನೀರಿನಲ್ಲಿ ಬೆರೆಸಿ ಕೊಟ್ಟಾಗ ಕೆಲವು ಬಗೆಯ ಗಡ್ಡೆಗಳು ನಿಧಾನವಾಗಿ ಬೆಳೆದವು, ಕೀಮೋ ಔಷಧದ ಏಟೂ ಹೆಚ್ಚಿತು. ಎಲ್ಲ ಗಡ್ಡೆಗಳಿಗೂ ಹಾಗಾಗಲಿಲ್ಲ. ಮ್ಯಾನೋಸನ್ನು ಅರಗಿಸುವ ಕಿಣ್ವ ಕಡಿಮೆ ಇರುವ ಗಡ್ಡೆಗಳಿಗಷ್ಟೇ ಅದು ತಾಗಿತು. ಒಂದೇ ಒಂದು ಗುಂಪು ಪಕ್ಕ ಬದಲಿಸಿದ್ದಕ್ಕೆ ಊಟ ವಿಷವಾಗುತ್ತದೆ, ಸಿಹಿ ಮದ್ದಾಗುತ್ತದೆ. ಸಕ್ಕರೆಗಳ ರಸಾಯನಶಾಸ್ತ್ರ ಓದುವವರನ್ನು ಹಿಡಿದಿಡುವ ಮಾಯೆ ಇದು. ಆದರೆ ಇಲಿಯಿಂದ ಮನುಷ್ಯನವರೆಗಿನ ದಾರಿ ಎಷ್ಟು ದೂರ ಎಂಬುದನ್ನು 2-ಡಿಆಕ್ಸಿ ಗ್ಲೂಕೋಸ್ ನಮಗೆ ಆಗಲೇ ತೋರಿಸಿದೆ.

ಹೊಸ ಔಷಧದ ಕಥೆಗಳಲ್ಲಿ ಬೆಲೆ ಕಟ್ಟಿದವರ ಹೆಸರು ಬರುವುದು ಕಡಿಮೆ. ನಮ್ಮ ಹಾವೇರಿ ಜಿಲ್ಲೆಯಿಂದ ಪಶ್ಚಿಮಕ್ಕೆ ಹೋದರೆ ಶಿರಸಿಯ ಕಾಡು. ಅಲ್ಲಿ, ಇಡೀ ಘಟ್ಟದ ಸಾಲಿನಲ್ಲಿ, ಹೂ ಬಿಟ್ಟಾಗ ಕೆಟ್ಟ ವಾಸನೆ ಬೀರುವ ಒಂದು ಸಣ್ಣ ಮರವಿದೆ. ಮರಾಠಿಗರು ಅದನ್ನು ನರಕ್ಯಾ ಎನ್ನುತ್ತಾರೆ. ಅಮೆರಿಕದಲ್ಲಿ ಮನ್ರೋ ವಾಲ್ ಮತ್ತು ಮಹಾರಾಷ್ಟ್ರ ಮೂಲದ ಮನಸುಖ್ ವಾಣಿ 1966ರಲ್ಲಿ ಚೀನಾದ ಮರವೊಂದರಿಂದ ಕ್ಯಾಂಪ್ಟೊಥೆಸಿನ್ ಎಂಬ ಅಣುವನ್ನು ತೆಗೆದರು. 1972ರಲ್ಲಿ ಗೋವಿಂದಾಚಾರಿ ಮತ್ತು ವಿಶ್ವನಾಥನ್ ಅದೇ ಅಣು ನಮ್ಮ ಘಟ್ಟದ ಈ ಮರದಲ್ಲಿ ಇನ್ನೂ ಧಾರಾಳವಾಗಿದೆ ಎಂದು ತೋರಿಸಿದರು. 1996ರಲ್ಲಿ ಅದರಿಂದ ರೂಪಿಸಿದ ಟೊಪೊಟಿಕಾನ್, ಇರಿನೊಟಿಕಾನ್ ಔಷಧಗಳಿಗೆ ಅಮೆರಿಕದಲ್ಲಿ ಪರವಾನಗಿ ಸಿಕ್ಕಿತು. ಬೇಡಿಕೆ ಏರಿದ್ದೇ ತಡ, ಘಟ್ಟದ ಮರಗಳು ಕೊಡಲಿಗೆ ಬಿದ್ದು ಚಕ್ಕೆಯಾಗಿ ಮೂಟೆಗಳಲ್ಲಿ ಹೋದವು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಉಮಾಶಂಕರ್, ಶಿರಸಿ ಅರಣ್ಯ ಕಾಲೇಜಿನ ವಾಸುದೇವ ಮತ್ತು ಅವರ ಸಂಗಡಿಗರು ಕಾಡು ಸುತ್ತಿ, ಎಲ್ಲಿ ಮರ ಉಳಿದಿದೆ, ಯಾವ ಮರದಲ್ಲಿ ಅಣು ಹೆಚ್ಚಿದೆ ಎಂದು ದಾಖಲಿಸಿದರು. ಮರ ಕಡಿಯದೆ, ಗಿಡಗಳೊಳಗೆ ಬದುಕುವ ಶಿಲೀಂಧ್ರಗಳಿಂದ ಆ ಅಣು ಪಡೆಯಬಹುದೇ ಎಂಬ ಹುಡುಕಾಟವೂ ನಡೆಯಿತು. ಕಾಶಿಕಣಗಿಲೆ ಅದೃಷ್ಟವಂತ ಗಿಡ, ಬೇಲಿಯಲ್ಲೂ ಬೆಳೆಯುತ್ತದೆ. ಎಲ್ಲ ಮದ್ದಿನ ಗಿಡಗಳಿಗೂ ಆ ಹಣೆಬರಹ ಇಲ್ಲ.

ನಮ್ಮದೇ ರಾಜ್ಯದ ಪ್ರಯೋಗಾಲಯಗಳಲ್ಲಿ ಹುಟ್ಟಿದ ಅಣುಗಳೂ ಈ ದಾರಿಯಲ್ಲಿವೆ. 2012ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸತೀಶ್ ರಾಘವನ್ ಅವರ ತಂಡ, ತುಂಡಾದ ಡಿಎನ್ಎಯನ್ನು ಕ್ಯಾನ್ಸರ್ ಕೋಶ ಮತ್ತೆ ಬೆಸೆಯದಂತೆ ತಡೆಯುವ ಎಸ್‌ಸಿಆರ್7 ಎಂಬ ಅಣುವನ್ನು ಪ್ರಕಟಿಸಿತು. ಲೋಕದ ಹಲವು ಪ್ರಯೋಗಾಲಯಗಳು ಅದನ್ನು ಜೀನ್ ತಿದ್ದುವ ಕೆಲಸದಲ್ಲಿ ಬಳಸಿ ನೋಡಿದವು. ಕೆಲವರು ಅದು ನಿಜಕ್ಕೂ ಹೇಳಿದ ಗುರಿಯನ್ನೇ ಹಿಡಿಯುತ್ತದೆಯೇ ಎಂದು ಪ್ರಶ್ನೆ ಎತ್ತಿದರು. ಅದು ಇನ್ನೂ ರೋಗಿಯ ಹಾಸಿಗೆಯ ತನಕ ಬಂದಿಲ್ಲ. ಪತ್ರಿಕೆಯ ತಲೆಬರಹದಲ್ಲಿ ‘ಕ್ಯಾನ್ಸರಿಗೆ ಮದ್ದು ಸಿಕ್ಕಿತು’ ಎಂದು ಓದಿದವರಿಗೆ ಇದು ನಿರಾಸೆ ತರಬಹುದು. ಔಷಧ ಚರಿತ್ರೆ ಓದಿದವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಅಣುವೊಂದು ಪ್ರಶ್ನೆಗಳನ್ನು ದಾಟಿ ಬಂದರೆ ಮಾತ್ರ ಮದ್ದಾಗುತ್ತದೆ.

ಜಮೈಕಾದಲ್ಲಿ ಕಾಶಿಕಣಗಿಲೆಯ ಕಷಾಯ ಕುದಿಸಿ ಕುಡಿದವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಅವರು ಗಿಡದಲ್ಲಿ ಏನೋ ಶಕ್ತಿ ಇದೆ ಎಂದು ಗುರುತಿಸಿದ್ದು ಸರಿಯಿತ್ತು, ಯಾವ ರೋಗಕ್ಕೆ ಎಂಬುದು ತಪ್ಪಿತ್ತು. ಆ ತಪ್ಪನ್ನು ಪರೀಕ್ಷಿಸಿ ನೋಡುವವರು ಸಿಕ್ಕಿದ್ದರಿಂದ ಲಕ್ಷಾಂತರ ಮಕ್ಕಳು ಬದುಕಿದರು. ಜನರ ತಿಳಿವಳಿಕೆಗೆ ನಾವು ಕೊಡಬೇಕಾದ ಗೌರವ ಇದೇ ಎಂದು ನನಗನಿಸುತ್ತದೆ. ಕಣ್ಣು ಮುಚ್ಚಿ ನಂಬಿದರೂ ಅದಕ್ಕೆ ಅವಮಾನ, ಕೇಳಿಸಿಕೊಳ್ಳದೆ ತಳ್ಳಿದರೂ ಅವಮಾನ. ಎಲೆಯನ್ನು ಕೈಗೆತ್ತಿಕೊಳ್ಳಬೇಕು, ತೂಗಬೇಕು, ಇಲಿ ಯಾಕೆ ಸತ್ತಿತು ಎಂದು ಕೇಳಬೇಕು. ಅಲ್ಲಿಯವರೆಗೆ ಶುಗರ್ ಇದ್ದವರು ಡಾಕ್ಟರು ಬರೆದ ಮಾತ್ರೆ ಬಿಡಬಾರದು, ಕ್ಯಾನ್ಸರ್ ಬಂದವರ ತಾಟಿನಿಂದ ಅನ್ನ ಕಸಿಯಬಾರದು.